ಹವಳ ಮುಚ್ಚಿಕೊಂಡಿದೆಯೇ? ಮೊದಲು ಅಡುಗೆಮನೆಗೆ ಹೋಗಿ ನೋಡಿ

ರಾತ್ರಿ ಹತ್ತೂವರೆಗೆ ಜೇವರ್ಗಿ ರಸ್ತೆ ಕಡೆಯ ಹುಡುಗನ ಫೋನು. "ಕಾಕಾ, ನನ್ನ ಹವಳ ಎಲ್ಲಾ ಮುಚ್ಚಿಕೊಂಡಾವ್ರಿ. ಸತ್ತಾವೇನ್ರಿ?" ಜೊತೆಗೊಂದು ಫೋಟೊ, ಅವನು ಜೀವಂತ ಹವಳ ಸಾಕಿರುವ ಉಪ್ಪುನೀರಿನ ಅಕ್ವೇರಿಯಮ್ಮಿನದು. ಇಡೀ ಟ್ಯಾಂಕನ್ನು ನೀಲಿ ಶಾಯಿಯಲ್ಲಿ ಅದ್ದಿ ತೆಗೆದ ಹಾಗಿತ್ತು. ಹವಳ ಯಾವುದು, ಕಲ್ಲು ಯಾವುದು ಗೊತ್ತಾಗಲಿಲ್ಲ. ನೀಲಿ ಲೈಟ್ ಆರಿಸಿ, ಬಿಳಿ ಲೈಟಿನಲ್ಲಿ ಇನ್ನೊಂದು ಕಳಿಸು ಎಂದೆ. ಅದು ಬರುವಷ್ಟರಲ್ಲಿ ಕೇಳಿದೆ: "ಏನೇನ್ ಮಾಡೀದಿ ತಮ್ಮಾ ಇಲ್ಲೀತನಕ?"

"ಅಯೋಡಿನ್ ಹಾಕೀನ್ರಿ. ಅರ್ಧ ನೀರು ಬದ್ಲಿ ಮಾಡೀನ್ರಿ. ಲೈಟ್ ಕಮ್ಮಿ ಮಾಡೀನ್ರಿ. ಕಲ್ಲು ಎತ್ತಿ ಆ ಕಡೀ ಇಟ್ಟೀನ್ರಿ."

"ಉಪ್ಪು ನೋಡೀದೇನು?"

"ಹೋದ ತಿಂಗಳ ನೋಡೀನ್ರಿ, ಬರೋಬರಿ ಇತ್ತು."

ಒಂದೇ ಸಂಜೆ ನಾಲ್ಕು ಬದಲಾವಣೆ. ಇನ್ನು ಹವಳ ಅರಳಿದರೂ ಯಾವುದರಿಂದ ಅರಳಿತು ತಿಳಿಯುವುದಿಲ್ಲ, ಸತ್ತರೂ ಯಾವುದರಿಂದ ಸತ್ತಿತು ತಿಳಿಯುವುದಿಲ್ಲ. ಅವನ ಟ್ಯಾಂಕಿನ ಕಥೆ ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು, ಸಮುದ್ರ ಕಣ್ಣಿಗೂ ಕಾಣದ ಈ ಕಲಬುರಗಿಯಲ್ಲಿ ಏಳು ವರ್ಷ ಉಪ್ಪುನೀರಿನ ಟ್ಯಾಂಕ್ ಇಟ್ಟು, ಕೆಡಿಸಿ, ಮತ್ತೆ ಕಟ್ಟಿ ನಾನು ಕಲಿತ ತಪಾಸಣೆಯ ಕ್ರಮ. ಹವಳಕ್ಕೇ ರೋಗ ಬಂದದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಕೆಡುವುದು ನೀರು. ನೀರು ಕೆಡುವುದು ಮನೆಯಿಂದ.

ಯಾವ ಹವಳದ ಮಾತು ಇದು

ಮೃದು ಹವಳದ ಮಾತು: ಜೋವಾ, ಮಶ್ರೂಮ್, ಲೆದರ್, ಕ್ಸೀನಿಯಾ, ಹಸಿರು ಸ್ಟಾರ್ ಪಾಲಿಪ್. ಸುಣ್ಣದ ಅಸ್ಥಿ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಕರಿ ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂಥ ಸೀ ಫ್ಯಾನ್ ಕೂಡ ಅದೇ ಪಟ್ಟಿಯಲ್ಲಿವೆ. ಹುಲಿಗೆ ಯಾವ ಅನುಸೂಚಿಯೋ ಇವಕ್ಕೂ ಅದೇ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ನೆನಪಿಗೆಂದು ಒಂದು ತುಂಡು ಮುರಿದು ತಂದರೂ ಅದು ಅಪರಾಧವೇ. ಅಂಗಡಿಯವನು "ನಡೀತದ ತಗೋರಿ ಸರ್" ಎಂದರೂ ಗಟ್ಟಿ ಹವಳ ತರಬೇಡಿ. ಮೃದು ಹವಳದಲ್ಲೇ ಒಂದು ಜನ್ಮಕ್ಕೆ ಸಾಕಾಗುವಷ್ಟು ಬಣ್ಣವಿದೆ.

ಸತ್ತಿದೆಯೋ, ಮುನಿಸಿಕೊಂಡಿದೆಯೋ

ಮುಚ್ಚಿಕೊಂಡ ಹವಳವೆಲ್ಲ ಸತ್ತ ಹವಳವಲ್ಲ. ರಾತ್ರಿ ಲೈಟ್ ಆರಿದ ಮೇಲೆ ಜೋವಾ ಮುಚ್ಚುವುದು ಅದರ ದಿನಚರಿ. ಬಸವನ ಹುಳು ಮೇಲೆ ನಡೆದು ಹೋದರೆ ಒಂದು ಗಂಟೆ ಮುಚ್ಚಿರುತ್ತದೆ. ನೀವು ಕೈ ಹಾಕಿ ಕಲ್ಲು ಸರಿಸಿದ್ದರೆ ಮರುದಿನದವರೆಗೂ ಮುಖ ತೋರಿಸದೆ ಇರಬಹುದು.

ಹೊಸಬರನ್ನು ಅತಿ ಹೆಚ್ಚು ಹೆದರಿಸುವುದು ಲೆದರ್. ಛತ್ರಿಯಾಕಾರದ ಟೋಡ್‌ಸ್ಟೂಲ್ ಲೆದರ್ ಒಂದು ದಿನ ಪಾಲಿಪ್ ಎಂಬ ಪುಟ್ಟ ಹೂವಿನಂಥ ಬಾಯಿಗಳನ್ನೆಲ್ಲ ಒಳಗೆಳೆದುಕೊಂಡು, ಮೇಲೆ ಮೇಣ ಸವರಿದಂತೆ ಹೊಳೆಯತೊಡಗುತ್ತದೆ. ಮೂರು ದಿನ, ಐದು ದಿನ, ಒಮ್ಮೊಮ್ಮೆ ಎರಡು ವಾರ ಹಾಗೇ ಇರುತ್ತದೆ. ಆಮೇಲೆ ಆ ಮೇಣದ ಪೊರೆ ಹಾಳೆಹಾಳೆಯಾಗಿ ಕಳಚಿ, ಒಳಗಿಂದ ಮೊದಲಿಗಿಂತ ದೊಡ್ಡದಾಗಿ ಅರಳುತ್ತದೆ. ಹಾವು ಪೊರೆ ಬಿಟ್ಟ ಹಾಗೆ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ: ವೇವ್‌ಮೇಕರನ್ನು ಸ್ವಲ್ಪ ಅದರ ಕಡೆ ತಿರುಗಿಸಿ, ಪೊರೆ ಕಳಚಿ ಹೋಗುವಷ್ಟು ನೀರಿನ ಓಟ ಕೊಡುವುದು. ನಾನು ಮೊದಲನೇ ವರ್ಷ ಹೀಗೆ ಪೊರೆ ಬಿಡುತ್ತಿದ್ದ ಲೆದರನ್ನು ಸತ್ತಿತೆಂದು ತೆಗೆದು ಬಿಸಾಕಿದ್ದೇನೆ. ಇವತ್ತಿಗೂ ಮನಸ್ಸು ಚುರ್ ಎನ್ನುತ್ತದೆ.

ನಿಜಕ್ಕೂ ಸಾಯುತ್ತಿರುವುದರ ಗುರುತು ಬೇರೆ. ಮೈ ಲೋಳೆಯಾಗಿ ಕರಗುತ್ತದೆ, ಕಂದು ಅಥವಾ ಕಪ್ಪು ಕಲೆ ದಿನದಿಂದ ದಿನಕ್ಕೆ ಹರಡುತ್ತದೆ, ಕಲ್ಲನ್ನು ನೀರಿನಿಂದೆತ್ತಿ ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮೂಗಿಗಿಂತ ಒಳ್ಳೆಯ ಟೆಸ್ಟ್ ಕಿಟ್ ಇದಕ್ಕಿಲ್ಲ. ವಾಸನೆ ಇಲ್ಲ, ಮೈ ಗಟ್ಟಿಯಿದೆ ಎಂದಾದರೆ ನಿಮಗೆ ಸಮಯವಿದೆ. ಕುಡಿಯಲು ಚಹಾ ಇಟ್ಟುಕೊಳ್ಳಿ, ಟ್ಯಾಂಕಿನ ಮುಂದೆ ಕುರ್ಚಿ ಹಾಕಿ ಕುಳಿತುಕೊಳ್ಳಿ.

ಯಾರ್ಯಾರಿಗೆ ಹುಷಾರಿಲ್ಲ?

ಕುಳಿತು ಎಣಿಸಬೇಕಾದದ್ದು ಇದನ್ನೇ. ಮನೆಯಲ್ಲಿ ಒಬ್ಬರಿಗೇ ಹೊಟ್ಟೆ ಕೆಟ್ಟರೆ ಹೊರಗೆ ಏನೋ ತಿಂದಿದ್ದಾರೆ. ಎಲ್ಲರಿಗೂ ಕೆಟ್ಟರೆ ಮನೆಯ ಸಾರು ನೋಡಬೇಕು. ಟ್ಯಾಂಕಿನ ಲೆಕ್ಕವೂ ಹೀಗೇ.

ಮೀನು ಮೇಲೆ ಬಂದು ಬಾಯಿ ಬಡಿಯುತ್ತಿವೆ, ಹವಳವೆಲ್ಲ ಕುಗ್ಗಿವೆ ಎಂದರೆ ಕುಳಿತು ಯೋಚಿಸುವ ಹೊತ್ತಲ್ಲ. ಉಸಿರು ಸಾಲುತ್ತಿಲ್ಲ, ಇಲ್ಲವೇ ಅಮೋನಿಯ ಏರಿದೆ. ಕರೆಂಟ್ ಹೋಗಿ ಪಂಪ್ ನಿಂತಿತ್ತೇ, ಪಂಪಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ, ಕಲ್ಲಿನ ಹಿಂದೆ ಮೀನು ಸತ್ತು ಕೊಳೆಯುತ್ತಿದೆಯೇ ನೋಡಿ. ಏರ್ ಪಂಪ್ ಹಾಕಿ, ಅಮೋನಿಯ ಟೆಸ್ಟ್ ಮಾಡಿ, ಸೊನ್ನೆ ಬರದಿದ್ದರೆ ಕೂಡಲೇ ನೀರು ಬದಲಿಸಿ. ನೀರು ಬದಲಿಸಿ ಆಮೇಲೆ ಯೋಚಿಸಬಹುದಾದ ಪ್ರಸಂಗ ಇದೊಂದೇ.

ಮೀನು ಆರಾಮಾಗಿವೆ, ಆದರೆ ಬಸವನ ಹುಳುಗಳು ಗಾಜಿನಿಂದ ಉದುರಿ ಬೆನ್ನ ಮೇಲೆ ಬಿದ್ದಿವೆ, ಸೀಗಡಿ ಮೂಲೆ ಸೇರಿದೆ, ಹವಳ ಮುಚ್ಚಿದೆ. ಹೀಗಾದರೆ ನನ್ನ ಅನುಮಾನ ಮೊದಲು ಹೋಗುವುದು ತಾಮ್ರದ ಮೇಲೆ, ಆಮೇಲೆ ಸೊಳ್ಳೆ ಔಷಧಿಯ ಮೇಲೆ. ಪೈರೆಥ್ರಾಯ್ಡ್ ಇರುವ ಸ್ಪ್ರೇಗಳು ಸೀಗಡಿ, ಏಡಿಗಳಿಗೆ ಕಡು ವಿಷ. ಟ್ಯಾಂಕಿನ ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುವುದರಿಂದ ಮೂಲೆಯಲ್ಲಿ ಹೊಡೆದ ಸ್ಪ್ರೇ ನೇರ ಒಳಗೆ ಹೋಗುತ್ತದೆ. ದೀಪಾವಳಿಗೆ ಗೋಡೆಗೆ ಬಣ್ಣ ಹೊಡೆಸಿದ್ದರೆ ಅದನ್ನೂ ನೆನಪಿಸಿಕೊಳ್ಳಿ. ಗಾಜು ಉಜ್ಜುವ ಮ್ಯಾಗ್ನೆಟ್ ಒಡೆದು ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೇ ಅದನ್ನೂ ನೋಡಿ.

ಮೀನೂ ಚೆನ್ನ, ಹುಳುಗಳೂ ಹೆಚ್ಚುಕಡಿಮೆ ಚೆನ್ನ, ಹವಳ ಮಾತ್ರ ಜಾತಿಭೇದವಿಲ್ಲದೆ ಎಲ್ಲವೂ ಮುಚ್ಚಿವೆ ಎಂದರೆ ಉಪ್ಪಿನಂಶ, ಶಾಖ, ಕ್ಷಾರತೆ ಈ ಮೂರರಲ್ಲಿ ಒಂದು ಜಿಗಿದಿದೆ. ಕಲಬುರಗಿಯಲ್ಲಿ ಹತ್ತಕ್ಕೆ ಎಂಟು ಸಲ ಉಪ್ಪು.

ಒಂದೇ ಜಾತಿ ಕೆಟ್ಟಿದ್ದರೆ ಕೀಟ. ಒಂದೇ ಹವಳ ಕೆಟ್ಟಿದ್ದರೆ ಬೆಳಕು, ನೀರಿನ ಓಟ, ಇಲ್ಲವೇ ನೆರೆಮನೆಯ ಜಗಳ.

ನಮ್ಮ ಮನೆಯ ತಾಮ್ರ

ಎರಡು ವರ್ಷದ ಹಿಂದೆ ಯುಗಾದಿಯ ಮುಂಚೆ ನಮ್ಮ ಹಳೇ ವಾಟರ್ ಪ್ಯೂರಿಫೈಯರ್ ಕೆಟ್ಟು, ಎಕ್ಸ್‌ಚೇಂಜಿನಲ್ಲಿ ಹೊಸದು ಬಂತು. ಟ್ಯಾಂಕಿಗೆ ನೀರು ಅದರಿಂದಲೇ. ಆರ್‌ಒ ನೀರು ತಾನೇ, ಅದೇನು ಇದೇನು ಎಂದು ನಾನು ಯೋಚನೆಯನ್ನೇ ಮಾಡಲಿಲ್ಲ.

ಎರಡು ವಾರಕ್ಕೆ ಒಂದು ಬಸವನ ಹುಳು ಮರಳ ಮೇಲೆ ಬಿತ್ತು. ಎತ್ತಿ ಗಾಜಿಗೆ ಅಂಟಿಸಿದೆ, ಮತ್ತೆ ಬಿತ್ತು. ವಯಸ್ಸಾಗಿರಬೇಕು ಎಂದುಕೊಂಡೆ. ಮೂರನೇ ವಾರಕ್ಕೆ ನಾಲ್ಕು ಬಿದ್ದವು. ಜೋವಾಗಳು ಅರ್ಧ ಮಾತ್ರ ತೆರೆಯುತ್ತಿದ್ದವು. ಅಂಚಿನ ಎಸಳು ಒಳಮಡಚಿ ಮುಷ್ಟಿ ಬಿಗಿದಂತೆ. ಕ್ಸೀನಿಯಾ ಕೈ ಆಡಿಸುವುದನ್ನು ನಿಲ್ಲಿಸಿತು. ಕ್ಲೌನ್ ಮೀನು ಮಾತ್ರ ಏನೂ ಆಗಿಲ್ಲವೆಂಬಂತೆ ಊಟಕ್ಕೆ ಬರುತ್ತಿತ್ತು. ಉಪ್ಪು ಸಾವಿರಕ್ಕೆ 35 ಅಂಶ, ಶಾಖ 26 ಡಿಗ್ರಿ, ಅಮೋನಿಯ ಸೊನ್ನೆ, ನೈಟ್ರೇಟ್ 10. ಕಾಗದದ ಮೇಲೆ ಎಲ್ಲ ಸರಿ.

ಒಂದು ಬೆಳಗ್ಗೆ ಪ್ಯೂರಿಫೈಯರಿನ ಕೆಳಗೆ ಕ್ಯಾನ್ ಹಿಡಿದು ನಿಂತಾಗ ಅದರ ಮುಖದ ಮೇಲಿನ ಸ್ಟಿಕ್ಕರ್ ಕಣ್ಣಿಗೆ ಬಿತ್ತು. ಅದರಲ್ಲಿ ಹೊಳೆಯುವ ತಾಮ್ರದ ಚೊಂಬಿನ ಚಿತ್ರ! ಫೋನ್ ಮಾಡಿದರೆ ಮೆಕ್ಯಾನಿಕ್, "ಹೌದ್ರಿ ಸರ್, ಕಾಪರ್ ಕಾರ್ಟ್ರಿಜ್ ಅದ. ತಾಮ್ರದ ನೀರು ಆರೋಗ್ಯಕ್ಕ ಭಾಳ ಛಲೋರಿ" ಎಂದ. ನಮಗೆ ಒಳ್ಳೆಯದೇ ಇರಬಹುದು. ಬೆನ್ನೆಲುಬಿಲ್ಲದ ಸಮುದ್ರಜೀವಿಗೆ ತಾಮ್ರ ಯಮ. ಮೀನಿನ ಚರ್ಮರೋಗಕ್ಕೆ ಪ್ರತ್ಯೇಕ ತೊಟ್ಟಿಯಲ್ಲಿ ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ ತಾಮ್ರ ಹಾಕಿ ಚಿಕಿತ್ಸೆ ಮಾಡುತ್ತಾರೆ, ಮೀನು ತಾಳಿಕೊಳ್ಳುತ್ತದೆ. ಅದೇ ನೀರಿನಲ್ಲಿ ಹವಳ, ಹುಳು, ಸೀಗಡಿ ಬದುಕುವುದಿಲ್ಲ. ಆವಿಯಾಗುವುದು ನೀರು ಮಾತ್ರ. ತಾಮ್ರ ದಿನದಿನಕ್ಕೂ ಒಳಗೇ ಕೂಡುತ್ತ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಆರ್‌ಒ ಮೆಂಬ್ರೇನ್ ತಾಮ್ರವನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಈ ಕಾರ್ಟ್ರಿಜ್ ಕೂರುವುದು ಮೆಂಬ್ರೇನ್ ಆದ ಮೇಲೆ. ಮಿನರಲ್ ಕಾರ್ಟ್ರಿಜ್ ಕೂಡ ಹಾಗೇ. ಜೊತೆಗೆ ರುಚಿಗೆಂದು ಸ್ವಲ್ಪ ಕಚ್ಚಾ ನೀರನ್ನು ಬೆರೆಸುವ ಟಿಡಿಎಸ್ (ಲೀಟರಿನಲ್ಲಿ ಕರಗಿದ ಘನವಸ್ತುವಿನ ಮಿಲಿಗ್ರಾಂ ಲೆಕ್ಕ) ಅಡ್ಜಸ್ಟರ್ ಸ್ಕ್ರೂ ಇರುತ್ತದೆ. ಹಾಗಾಗಿ ನಮ್ಮ ಕುಡಿಯುವ ನೀರಿನ ಟಿಡಿಎಸ್ 62 ಇತ್ತು. ನಾನು ಮಾಡಿಸಿದ್ದು ಇಷ್ಟು: ಮೆಂಬ್ರೇನಿನಿಂದ ನೀರು ಹೊರಬರುವ ಪೈಪಿಗೆ, ಮುಂದಿನ ಕಾರ್ಟ್ರಿಜ್‌ಗಳಿಗೆ ಹೋಗುವ ಮುಂಚೆಯೇ, ಒಂದು ಟೀ ಹಾಕಿಸಿ ಬೇರೆ ನಳ ಎಳೆಸಿದೆ. ಅದಕ್ಕೆ ಉಳಿದ ಲವಣವನ್ನೂ ಹೀರುವ ಒಂದು ಡಿಐ ರೆಸಿನ್ ಡಬ್ಬಿ ಜೋಡಿಸಿದೆ. ಈಗ ಟಿಡಿಎಸ್ ಪೆನ್ನು ಸೊನ್ನೆ ತೋರಿಸುತ್ತದೆ. ಮನೆಯವರಿಗೆ ತಾಮ್ರದ ನೀರು, ಟ್ಯಾಂಕಿಗೆ ಸೊನ್ನೆ ನೀರು, ಮನೆಯಲ್ಲಿ ಶಾಂತಿ.

ಟ್ಯಾಂಕಿನೊಳಗಿನ ತಾಮ್ರ ತೆಗೆಯಲು ವಾರಕ್ಕೆರಡು ಸಲ ಶೇ. 15ರಷ್ಟು ನೀರು ಬದಲಿಸಿದೆ, ತಾಜಾ ಆಕ್ಟಿವೇಟೆಡ್ ಕಾರ್ಬನ್ ಹಾಕಿದೆ, ಪಾಲಿಫಿಲ್ಟರ್ ಹಾಳೆಯೊಂದನ್ನು ನೀರಿನ ಓಟದಲ್ಲಿ ಸಿಕ್ಕಿಸಿದೆ. ಆ ಹಾಳೆ ತಾಮ್ರ ಹೀರಿದರೆ ನೀಲಿಯಾಗುತ್ತದೆ. ಮೂರನೇ ದಿನ ಅದರ ಅಂಚು ನೀಲಿ ತಿರುಗಿದ್ದನ್ನು ನೋಡಿ ಬೇಸರವೂ ಆಯಿತು, ಕಳ್ಳ ಸಿಕ್ಕನೆಂಬ ಸಮಾಧಾನವೂ ಆಯಿತು. ಹುಳುಗಳಲ್ಲಿ ಉಳಿದದ್ದು ಎರಡು. ಜೋವಾ ಪೂರ್ತಿ ತೆರೆದದ್ದು ಆರನೇ ವಾರಕ್ಕೆ.

ಬೋರಿನ ನೀರನ್ನೇ ಹಾಕುವವರಿಗೂ ಒಂದು ಲೆಕ್ಕ. ನಮ್ಮ ಬೋರಿನ ಟಿಡಿಎಸ್ 900. ಈ ಸೀಮೆಯೇ ಸುಣ್ಣದ ಕಲ್ಲಿನದು. ಶಹಾಬಾದಿ ಫರಸಿಯ ಮೇಲೆ ನಿಂಬೆರಸ ಚೆಲ್ಲಿದರೆ ಗುಳ್ಳೆ ಏಳುವುದನ್ನು ನೋಡಿದ್ದೀರಿ. ದಿನಕ್ಕೆ 4 ಲೀಟರ್ ಆ ನೀರು ಸುರಿದರೆ 3.6 ಗ್ರಾಂ ಘನವಸ್ತು ಒಳಗೆ ಉಳಿಯುತ್ತದೆ. ನೂರು ದಿನಕ್ಕೆ 360 ಗ್ರಾಂ. ಅದರಲ್ಲಿ ಏನೇನಿದೆ ಯಾರಿಗೆ ಗೊತ್ತು?

ಬ್ಯಾಸಿಗಿಯ ಉಪ್ಪು

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಹೊಸದೇನಲ್ಲ. ಹವಳಕ್ಕೆ ಬೇಕಾದದ್ದು 24ರಿಂದ 27. ಆದರೂ ನಮಗೆ ಕರಾವಳಿಯವರಿಗಿಲ್ಲದ ಒಂದು ಅನುಕೂಲವಿದೆ, ಒಣ ಗಾಳಿ. 42 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ತೇವ ಶೇ. 15 ಇದ್ದರೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 22ರ ಹತ್ತಿರ ತೋರಿಸುತ್ತದೆ. ಗಡಿಗಿಯ ನೀರು ತಣ್ಣಗಾಗುವುದು ಇದೇ ಕಾರಣಕ್ಕೆ. ಟ್ಯಾಂಕಿನ ಮೇಲಿನ ಗಾಜು ತೆಗೆದು, ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ಹಚ್ಚಿದರೆ ಸಾಕು, ಚಿಲ್ಲರ್ ಇಲ್ಲದೆಯೂ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮೀನು ಜಿಗಿಯುವ ಜಾತಿಯಾದರೆ ಸೊಳ್ಳೆಪರದೆಯ ಜಾಲರಿ ಕಟ್ಟಿ.

ಆದರೆ ಆ ತಂಪಿನ ಬೆಲೆ ನೀರು. ನನ್ನದು ಮೂರು ಅಡಿಯ ಟ್ಯಾಂಕ್. ಕಲ್ಲು, ಮರಳು ಕಳೆದು 150 ಲೀಟರ್ ನೀರು. ಫ್ಯಾನ್ ಹಚ್ಚಿದರೆ ದಿನಕ್ಕೆ 4 ಲೀಟರ್ ಹಾರಿಹೋಗುತ್ತದೆ. ಮೂರು ದಿನ ಊರಿಗೆ ಹೋಗಿ ಬಂದರೆ 12 ಲೀಟರ್ ಹೋಗಿ, ಉಪ್ಪು 35ರಿಂದ 38ಕ್ಕೆ ಏರಿರುತ್ತದೆ. ಗಾಜಿನ ಮೇಲೆ ಬೆರಳಗಲದ ಬಿಳಿ ಗೆರೆ ಕಂಡರೆ ಅಷ್ಟು ನೀರು ಇಳಿದಿದೆ ಎಂದೇ ಅರ್ಥ. ಹಾರಿದ್ದು ಬರೀ ನೀರು, ಆದ್ದರಿಂದ ತುಂಬಿಸಬೇಕಾದದ್ದೂ ಬರೀ ನೀರು. ಉಪ್ಪು ಕಲಸಿದ ನೀರು ನೀರು ಬದಲಿಸುವಾಗ ಮಾತ್ರ.

ಒಂದೇ ಕೋಣೆಯಲ್ಲಿ ಡೆಸರ್ಟ್ ಕೂಲರ್ ಹಚ್ಚಿ ಕಿಟಕಿ ಬಾಗಿಲು ಮುಚ್ಚುವವರಿಗೆ ಇನ್ನೊಂದು ಮಾತು. ಕೂಲರ್ ಕೋಣೆಯ ತೇವ ಏರಿಸುತ್ತದೆ, ತೇವ ಏರಿದರೆ ಟ್ಯಾಂಕಿನ ಫ್ಯಾನ್ ಕೆಲಸ ಮಾಡುವುದಿಲ್ಲ. ಕಿಟಕಿ ಒಂದಿಷ್ಟು ತೆಗೆದಿಡಿ. ಜೂನಿನಲ್ಲಿ ಮಳೆ ಬಿದ್ದು ಸೆಕೆ ಶುರುವಾದಾಗಲೂ ಇದೇ ಆಗುತ್ತದೆ. ಮೇ ತಿಂಗಳಲ್ಲಿ ತಡೆದುಕೊಂಡ ಟ್ಯಾಂಕ್ ಜೂನಿನಲ್ಲಿ 30 ದಾಟಿದ್ದನ್ನು ನಾನು ಕಂಡಿದ್ದೇನೆ.

ಐಸ್ ಬಾಟಲಿ ತೇಲಿಬಿಡುವುದು ಸರಿಯೇ? ಸರಿ, ಆದರೆ ಪವಾಡ ನಿರೀಕ್ಷಿಸಬೇಡಿ. ಒಂದು ಲೀಟರ್ ನೀರು ಗಟ್ಟಿ ಮಾಡಿದ ಬಾಟಲಿ 150 ಲೀಟರನ್ನು ಮುಕ್ಕಾಲು ಡಿಗ್ರಿ ಇಳಿಸುತ್ತದೆ, ಅಷ್ಟೇ. ಐಸನ್ನು ಬಿಡಿಯಾಗಿ ನೀರಿಗೆ ಹಾಕಬೇಡಿ, ಬಾಟಲಿಯ ಮುಚ್ಚಳ ಬಿಗಿಯಿರಲಿ. ಕರೆಂಟ್ ಹೋದರೆ ಇನ್ವರ್ಟರಿಗೆ ಮೊದಲು ವೇವ್‌ಮೇಕರ್, ಆಮೇಲೆ ಉಳಿದದ್ದು. ಲೈಟ್ ಇಲ್ಲದೆ ಹವಳ ಎರಡು ದಿನ ಇರುತ್ತದೆ, ನೀರಿನ ಓಟವಿಲ್ಲದೆ ಇರುವುದಿಲ್ಲ.

ಅಳತೆಯ ಉಪಕರಣವೇ ಸುಳ್ಳು ಹೇಳಬಹುದು. ತೇಲುವ ಮುಳ್ಳಿನ ಹೈಡ್ರೋಮೀಟರಿನ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಉಪ್ಪು ಹೆಚ್ಚು ತೋರಿಸುತ್ತದೆ, ಮುಳ್ಳಿನ ಮೇಲೆ ಉಪ್ಪು ಗಟ್ಟಿಯಾಗಿದ್ದರೆ ಕಡಿಮೆ ತೋರಿಸುತ್ತದೆ. ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ವಾಸಿ, ಆದರೆ ಸಾಮಾನ್ಯವಾಗಿ ಅದು ಶಾಖವನ್ನು ತಾನೇ ಸರಿದೂಗಿಸಿಕೊಳ್ಳುವುದು 10ರಿಂದ 30 ಡಿಗ್ರಿಯೊಳಗೆ. ನಮ್ಮ ಮಧ್ಯಾಹ್ನದ ಕೋಣೆ 36! ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಜಾವ ಅಳೆಯಿರಿ, ಪ್ರತಿ ಸಲ ಅಳೆಯುವ ಮುಂಚೆ ಹೊಂದಿಸಿಕೊಳ್ಳಿ. ಸೊನ್ನೆ ನೀರಿನಿಂದ ಹೊಂದಿಸುವುದು ಸಾಲದು, 35ರಲ್ಲೇ ಹೊಂದಿಸಬೇಕು. ಅಂಗಡಿಯ ದ್ರಾವಣ ಸಿಗದಿದ್ದರೆ 36.5 ಗ್ರಾಂ ಅಡುಗೆ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿ. ರಿಫ್ರಾಕ್ಟೋಮೀಟರಿನ ಕಣ್ಣಿಗೆ ಅದು 35 ಅಂಶದ ಸಮುದ್ರದ ನೀರಿನಂತೆಯೇ ಕಾಣುತ್ತದೆ. ಎರಡು ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು, ಗೆರೆಯನ್ನು 35ಕ್ಕೆ ತನ್ನಿ. ಈ ನೀರನ್ನು ಟ್ಯಾಂಕಿಗೆ ಹಾಕಬೇಡಿ, ಇದು ಅಳತೆಗೆ ಮಾತ್ರ.

ಏರಿದ ಉಪ್ಪನ್ನು ಒಂದೇ ಗಂಟೆಯಲ್ಲಿ ಇಳಿಸಬೇಡಿ. ದಿನಕ್ಕೆ ಒಂದು ಅಂಶ ಸಾಕು.

ಒಂದೇ ಹವಳ ಕೆಟ್ಟಿದ್ದರೆ

ಬಣ್ಣ ಓದುವುದನ್ನು ಕಲಿಯಿರಿ. ಹವಳದ ಮೈಯಲ್ಲಿ ವಾಸಿಸುವ ಸೂಕ್ಷ್ಮ ಪಾಚಿ ಅದಕ್ಕೆ ಅಡುಗೆ ಮಾಡಿ ಹಾಕುತ್ತದೆ. ಬೆಳಕು ಅಥವಾ ಶಾಖ ವಿಪರೀತವಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳದ ದಿಬ್ಬಗಳು ಬೆಳ್ಳಗಾದದ್ದು ಸಮುದ್ರ ಕಾದು. ನಮ್ಮ ಟ್ಯಾಂಕುಗಳಲ್ಲಿ ಹೆಚ್ಚಾಗಿ ಹೊಸ ಎಲ್‌ಇಡಿ ತಂದ ಉತ್ಸಾಹದಿಂದ. ಬಿಳಿಚಿದರೂ ಮೈ ಗಟ್ಟಿಯಿದ್ದರೆ ಬದುಕಿದೆ. ನೆರಳಿಗೆ ಸರಿಸಿ, ಲೈಟನ್ನು ಅರ್ಧಕ್ಕಿಳಿಸಿ, ವಾರಕ್ಕೆ ಶೇ. 5ರಂತೆ ಏರಿಸಿ. ತದ್ವಿರುದ್ಧ ಲಕ್ಷಣವೂ ಇದೆ. ಜೋವಾದ ಕಾಂಡ ಉದ್ದವಾಗಿ ಲೈಟಿನ ಕಡೆ ಕತ್ತು ಚಾಚಿದ್ದರೆ, ಬಣ್ಣ ಕಂದಿದ್ದರೆ ಬೆಳಕು ಸಾಲುತ್ತಿಲ್ಲ. ಮಶ್ರೂಮ್ ಕಲ್ಲಿನಿಂದ ಕಳಚಿಕೊಂಡು ತೇಲಿಹೋದರೆ ಅದಕ್ಕೆ ಆ ಜಾಗವೇ ಹಿಡಿಸಿಲ್ಲ ಎಂದರ್ಥ. ಹಿಡಿದು ಅಂಟಿಸುವ ಹಟ ಬೇಡ.

ಒಂದೇ ಬದಿ ಕೆಟ್ಟಿದ್ದರೆ ಆ ಬದಿಯ ನೆರೆಯವರನ್ನು ನೋಡಿ. ಲೆದರ್ ಹವಳಗಳು ನೀರಿಗೆ ಬಿಡುವ ರಾಸಾಯನಿಕ ಇತರರನ್ನು ಸೊರಗಿಸುತ್ತದೆ. ಒಂದು ಹಿಡಿ ಆಕ್ಟಿವೇಟೆಡ್ ಕಾರ್ಬನ್, ತಿಂಗಳಿಗೊಮ್ಮೆ ಬದಲಿಸುತ್ತಿದ್ದರೆ ಈ ಜಗಳ ಬಹುಪಾಲು ತಣ್ಣಗಾಗುತ್ತದೆ.

ಜೋವಾ ಮಾತ್ರ ಮುಚ್ಚಿದ್ದರೆ ರಾತ್ರಿ ಲೈಟ್ ಆರಿ ಎರಡು ತಾಸಾದ ಮೇಲೆ ಕೆಂಪು ಕಾಗದ ಕಟ್ಟಿದ ಟಾರ್ಚಿನಲ್ಲಿ ನೋಡಿ. ಜೋವಾ ತಿನ್ನುವ ನುಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಸಮುದ್ರದ ಬಸವನ ಹುಳು ತಾನು ತಿಂದ ಜೋವಾದ ಬಣ್ಣವನ್ನೇ ಮೈಗೆ ತುಂಬಿಕೊಂಡು ಅದರ ನಡುವೆ ಕೂತಿರುತ್ತದೆ, ಹಗಲಿನಲ್ಲಿ ಸುಲಭಕ್ಕೆ ಕಾಣದು. ಕಾಂಡದ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಬೊಕ್ಕೆಗಳಿದ್ದರೆ ಅದು ಜೋವಾ ಪಾಕ್ಸ್. ಎರಡಕ್ಕೂ ಕಲ್ಲನ್ನು ಹೊರಗೆ ಬೇರೆ ಬೋಗುಣಿಯಲ್ಲಿ ಔಷಧಿಯ ಡಿಪ್‌ನಲ್ಲಿ ಅದ್ದಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೋವಾ ಮತ್ತು ಅದರ ಬಳಗದ ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರಬಹುದು. ಕೈಗವಸು, ಕನ್ನಡಕ ಹಾಕದೆ ಮುಟ್ಟಬೇಡಿ. ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಬೇಡವಾದ ಜೋವಾ ತೆಗೆಯಲು ಕಲ್ಲಿಗೆ ಕುದಿಯುವ ನೀರು ಸುರಿಯುವ ಉಪಾಯವನ್ನು ಯಾರಾದರೂ ಹೇಳಿದರೆ ಕಿವಿ ಮುಚ್ಚಿಕೊಳ್ಳಿ. ಆ ಹಬೆ ಉಸಿರಾಡಿದವರು ಆಸ್ಪತ್ರೆ ಸೇರಿದ್ದಾರೆ.

ಕಿಟ್ಟು, ಸೊನ್ನೆ, ಕ್ಷಾರತೆ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮೃದು ಹವಳದ ಟ್ಯಾಂಕಿಗೆ ಅಷ್ಟು ಬೇಕಿಲ್ಲ. ಕ್ಷಾರತೆ 8ರಿಂದ 9 ಡಿಕೆಎಚ್ ಇರಲಿ, ಒಂದೇ ದಿನದಲ್ಲಿ ಒಂದಕ್ಕಿಂತ ಹೆಚ್ಚು ಜಿಗಿಯದಿರಲಿ. ನೈಟ್ರೇಟ್ 5ರಿಂದ 20. ಸೊನ್ನೆ ಬಂದರೆ ಖುಷಿಪಡಬೇಡಿ, ಮೃದು ಹವಳಕ್ಕೆ ಅದು ಉಪವಾಸ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದ ಟ್ಯಾಂಕಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಬರುತ್ತದೆ, ತುದಿಯಲ್ಲಿ ಗುಳ್ಳೆ ಹಿಡಿದ ದಾರದಂತೆ. ರಾತ್ರಿ ಮಾಯವಾಗಿ ಮಧ್ಯಾಹ್ನ ಮತ್ತೆ ಹಾಜರು. ಅದಕ್ಕೆ ಉಜ್ಜಿದಷ್ಟೂ ಹುರುಪು. ಮೀನಿಗೆ ಊಟ ಸ್ವಲ್ಪ ಹೆಚ್ಚಿಸಿ.

ಕಿಟ್ ಬಗ್ಗೆ ಒಂದೇ ಮಾತು: ಮೇ ತಿಂಗಳಲ್ಲಿ ಕೊರಿಯರ್ ಗಾಡಿಯಲ್ಲಿ ಮೂರು ದಿನ ಬೆಂದು ಬಂದ ಕ್ಷಾರತೆಯ ಕಿಟ್ಟನ್ನು ನಂಬುವ ಮುಂಚೆ, ಹೊಸದಾಗಿ ಕಲಸಿದ ಉಪ್ಪುನೀರಿನ ಮೇಲೆ ಪರೀಕ್ಷಿಸಿ. ಉಪ್ಪಿನ ಚೀಲದ ಮೇಲೆ ಎಷ್ಟು ಬರಬೇಕೆಂದು ಬರೆದಿರುತ್ತದೆ.

ಜೇವರ್ಗಿ ರಸ್ತೆಯ ಟ್ಯಾಂಕು

ಮರುದಿನ ಬೆಳಗ್ಗೆ ಆರೂವರೆಗೆ ರಿಫ್ರಾಕ್ಟೋಮೀಟರ್ ಜೇಬಿನಲ್ಲಿಟ್ಟುಕೊಂಡು ಹೋದೆ. 100 ಲೀಟರಿನ ಟ್ಯಾಂಕು. ಎರಡೂ ಕ್ಲೌನ್ ಮೀನು ಸರಿಯಾಗಿದ್ದವು. ಹುಳುಗಳು ಗಾಜಿಗೇ ಅಂಟಿದ್ದವು, ಮಂದವಾಗಿದ್ದವು ನಿಜ. ಜೋವಾ, ಮಶ್ರೂಮ್, ಲೆದರ್ ಎಲ್ಲವೂ ಮುಚ್ಚಿದ್ದವು. ಮೂಗಿಗೆ ಹಿಡಿದು ನೋಡಿದೆ, ವಾಸನೆ ಇಲ್ಲ. ಹೊಂದಿಸಿ ಅಳೆದರೆ 38. ಅದೂ ಹಿಂದಿನ ಸಂಜೆ ಅರ್ಧ ನೀರನ್ನು 35ರ ನೀರಿನಿಂದ ಬದಲಿಸಿದ ಮೇಲೆ. ಅಂದರೆ ಅದಕ್ಕೂ ಮುಂಚೆ 40 ದಾಟಿತ್ತು.

ಆದರೆ ನೀರಿನ ಮಟ್ಟ ಗೆರೆಗೆ ಸರಿಯಾಗಿಯೇ ಇತ್ತು. ನೀರು ಇಳಿಯದೆ ಉಪ್ಪು ಏರುವುದು ಹೇಗೆ?

"ನೀ ಊರಾಗ ಇದ್ದಿಲ್ಲೇನು?" ಎಂದು ಕೇಳಿದೆ.

"ಇಂಟರ್‌ವ್ಯೂ ಅಂತ ಬೆಂಗಳೂರಿಗಿ ಹೋಗಿದ್ದೆರಿ, ಎಂಟ್ ದಿನ. ಆಯಿಗಿ ಹೇಳಿ ಹೋಗಿದ್ದೆ, ನೀರು ಹಾಕ್ತಿದ್ಳು."

ಆಯಿ ಒಳಗಿಂದ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದರು. "ಹೌದೋ ಯಪ್ಪಾ. ಗೆರಿ ಹಚ್ಚಿ ಹೋಗಿದ್ನಲ್ಲ, ಗೆರಿಗಿ ಕಮ್ಮಿ ಆದ್ರ ಡಬ್ಬಿಯಾಗಿನ ನೀರು ಹಾಕಂದಿದ್ದ. ದಿನಾ ಎರಡು ತಂಬಿಗಿ ಹಾಕೀನಿ, ಒಂದಿನಾನೂ ತಪ್ಪಿಸಿಲ್ಲ."

ಟ್ಯಾಂಕಿನ ಸ್ಟ್ಯಾಂಡ್ ಕೆಳಗೆ ಎರಡು 20 ಲೀಟರಿನ ಕ್ಯಾನ್. ಒಂದೇ ಬಣ್ಣ, ಒಂದೇ ಮುಚ್ಚಳ. ಒಂದರಲ್ಲಿ ಬರೀ ನೀರು, ಅದು ತುಂಬಿಯೇ ಇತ್ತು. ಇನ್ನೊಂದರಲ್ಲಿ ನೀರು ಬದಲಿಸಲೆಂದು ಕಲಸಿಟ್ಟ ಉಪ್ಪುನೀರು, ಅದು ತಳ ಕಂಡಿತ್ತು. ಎಂಟು ದಿನ, ದಿನಕ್ಕೆ 2 ಲೀಟರ್, ಒಟ್ಟು 16 ಲೀಟರ್. ಲೀಟರಿಗೆ 35 ಗ್ರಾಂನಂತೆ 560 ಗ್ರಾಂ ಉಪ್ಪು ಹೆಚ್ಚುವರಿ. 35ರ ಟ್ಯಾಂಕು 40 ದಾಟಿದ ಲೆಕ್ಕ ಅಲ್ಲಿಗೆ ಸರಿಹೋಯಿತು.

ಮೂರು ದಿನ ದಿನಕ್ಕೆ ಎರಡೂವರೆ ಲೀಟರ್ ಟ್ಯಾಂಕಿನ ನೀರು ತೆಗೆದು ಅಷ್ಟೇ ಬರೀ ನೀರು ಹಾಕಿಸಿದೆ, ಬೇರೆ ಏನನ್ನೂ ಮುಟ್ಟಬೇಡ ಎಂದು ಆಣೆ ಇಡಿಸಿಕೊಂಡೆ. ಲೈಟು, ಕಲ್ಲು ಇದ್ದಲ್ಲೇ ಇರಲಿ. ಅಯೋಡಿನ್ ಬಾಟಲಿ ನಾನೇ ಮನೆಗೆ ತಂದೆ. ಐದನೇ ದಿನ ಮಶ್ರೂಮ್ ಉಬ್ಬಿತು, ಹತ್ತನೇ ದಿನಕ್ಕೆ ಜೋವಾ ಮುಕ್ಕಾಲು ತೆರೆದವು. ಲೆದರ್ ಇನ್ನೂ ಮೇಣ ಹೊದ್ದುಕೊಂಡು ಕೂತಿದೆ. ಅದು ಉಪ್ಪಿನ ಸಿಟ್ಟೋ, ಪೊರೆ ಬಿಡುವ ಹೊತ್ತೋ ಈಗಲೇ ಹೇಳಲಾಗದು.

ಮೊನ್ನೆ ಹೋದಾಗ ಒಂದು ಕ್ಯಾನಿನ ಕೊರಳಿಗೆ ಆಯಿ ಹಳೇ ಸೀರೆಯ ಕೆಂಪು ಅಂಚು ಕಟ್ಟಿದ್ದರು. "ಇದು ಸಪ್ಪಂದು" ಎಂದರು. "ಇನ್ನೊಂದು ಮುಟ್ಟಂಗಿಲ್ಲ ನಾ."